ಎಣ್ಣೆ ಕುಡಿದ ನೆಲ

ಕನ್ನಡದಲ್ಲಿ 'ಪರಿಹಾರ' ಎಂಬ ಮಾತು ಎರಡು ಅರ್ಥಗಳಲ್ಲಿ ಬಳಕೆಯಾಗುತ್ತಿದೆ. ಬಂದೊದಗಿದ ಕೇಡನ್ನು ತೊಲಗಿಸುವುದು ಒಂದು. ಕೇಡಿಗೆ ಈಡಾದವನ ಕೈಯಲ್ಲಿ ಹಣವಿಡುವುದು ಇನ್ನೊಂದು. ಸಂಶಯಪರಿಹಾರ, ಆಯಾಸಪರಿಹಾರ, ದೋಷಪರಿಹಾರ ಎನ್ನುವಾಗ ನಾವು ಮೊದಲ ಅರ್ಥವನ್ನು ಇಟ್ಟುಕೊಂಡಿರುತ್ತೇವೆ. ಶಬ್ದದ ಮೂಲಕ್ಕೆ ಹತ್ತಿರವಾದುದೂ ಅದೇ. ಆದರೆ ಕಚೇರಿಯ ಕಾಗದಗಳಲ್ಲಿಯೂ ಪತ್ರಿಕೆಯ ವರದಿಗಳಲ್ಲಿಯೂ ಈಚಿನ ಹಲವು ದಶಕಗಳಿಂದ ಎರಡನೆಯ ಅರ್ಥವು ಮೊದಲನೆಯದನ್ನು ಹೆಚ್ಚುಕಡಮೆ ನುಂಗಿಹಾಕಿದೆ. 'ಪರಿಹಾರ ಸಿಕ್ಕಿತೆ?' ಎಂದು ಕೇಳಿದರೆ 'ಹಣ ಬಂತೆ?' ಎಂದೇ ಅರ್ಥ. ಹಣ ಬಂದಮೇಲೆ ಕೇಡು ಹೋಯಿತೆ ಇಲ್ಲವೆ ಎಂದು ವಿಚಾರಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಕಡತ ಮುಚ್ಚುತ್ತದೆ, ಮಾತೂ ಮುಗಿಯುತ್ತದೆ.

ಬೆಂಕಿಯಲ್ಲಿ ಮನೆ ಸುಟ್ಟುಹೋದರೆ ಹಣ ಕೊಟ್ಟು ಮನೆ ಕಟ್ಟಿಸಬಹುದು. ಆಲಿಕಲ್ಲಿನ ಮಳೆಗೆ ಬೆಳೆ ಹೋದರೆ ಮುಂದಿನ ಬೆಳೆಯವರೆಗೆ ರೈತನನ್ನು ಹಣ ಕಾಪಾಡಬಹುದು. ಅಲ್ಲೆಲ್ಲ ಎರಡು ಅರ್ಥಗಳಿಗೂ ಅಷ್ಟು ದೂರವಿಲ್ಲ. ಆದರೆ ನೆಲದೊಳಗೆ ಹುಗಿದ ಕೊಳವೆ ಒಡೆದು ಪೆಟ್ರೋಲೋ ಡೀಸೆಲೋ ಮಣ್ಣಿಗೆ ಇಳಿದು, ಅಲ್ಲಿಂದ ಬಾವಿಯ ಸೆಲೆಗೆ ಸೇರಿದರೆ? ಆಗ ಹೊಲದ ಒಡೆಯನಿಗೆ ಕೊಟ್ಟ ಹಣ ಅವನ ಪೆಟ್ಟಿಗೆಯಲ್ಲಿರುತ್ತದೆ. ಎಣ್ಣೆ ಅವನ ನೆಲದಲ್ಲಿರುತ್ತದೆ. ಅವನ ಮಗನೂ ನೆರೆಯವನ ಮಗಳೂ ಕುಡಿಯಬೇಕಾದ ನೀರಿನಲ್ಲಿ ಅದು ವರ್ಷಾನುವರ್ಷ ಕರಗುತ್ತ ಹೋಗುತ್ತದೆ. ಇಂಥ ಕೇಡಿಗೆ ಮೊದಲನೆಯ ಅರ್ಥದ ಪರಿಹಾರವೇ ಪರಿಹಾರ, ಹಣದ ಮಾತು ಅದರ ಹಿಂದೆ ಬರತಕ್ಕದ್ದು ಎಂಬುದೇ ಈ ಲೇಖನದ ವಾದ.

ಭಾಷೆಯನ್ನು ಕಲಿಸುವವನಿಗೆ ಈ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ನೀರು ಕುಡಿಯುವವರೆಲ್ಲರಿಗೂ ಸೇರಿದ ಉಸಾಬರಿ ಇದು ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಮುಂದೆ ಬರುತ್ತದೆ.

ತುಮಕೂರು ಸೀಮೆಗೆ ಎಣ್ಣೆಯ ಬಾವಿಗಳಿಲ್ಲ, ಶುದ್ಧೀಕರಣ ಕಾರ್ಖಾನೆಗಳಿಲ್ಲ, ಬಂದರಿಲ್ಲ. ಆದರೂ ಎಣ್ಣೆಗೆ ಇದು ದಾರಿ. ತುಮಕೂರು ನಗರದ ಅಂಚಿನಲ್ಲಿ 48ನೆಯ ರಾಷ್ಟ್ರೀಯ ಹೆದ್ದಾರಿ, ಕುಣಿಗಲಿನಲ್ಲಿ 75ನೆಯದು. ಎರಡರ ಮೇಲೂ ಹಗಲಿರುಳು ಎಣ್ಣೆಯ ಟ್ಯಾಂಕರುಗಳು ಓಡುತ್ತಿವೆ. ಇದು ಕಣ್ಣಿಗೆ ಕಾಣುವ ದಾರಿ. ಕಾಣದ ದಾರಿ ಬೇರೆ ಇದೆ. ಮಂಗಳೂರಿನಿಂದ ಘಟ್ಟವೇರಿ ಹಾಸನಕ್ಕೆ, ಹಾಸನದಿಂದ ಬೆಂಗಳೂರಿನ ಆಚೆಯ ದೇವನಗೊಂದಿಗೆ, ಒಟ್ಟು ಸುಮಾರು 362 ಕಿಲೋಮೀಟರು ಉದ್ದದ ಕೊಳವೆ ಮಾರ್ಗವೊಂದು 2003ರಿಂದ ಪೆಟ್ರೋಲು, ಡೀಸೆಲುಗಳನ್ನು ಸಾಗಿಸುತ್ತಿದೆ. ಹಾಸನಕ್ಕೂ ಬೆಂಗಳೂರಿಗೂ ನಡುವೆ ಏನಿದೆ ಎಂಬುದನ್ನು ಭೂಪಟ ನೋಡಿದವರಿಗೆ ಹೇಳಬೇಕಾಗಿಲ್ಲ. ಅಡುಗೆ ಅನಿಲಕ್ಕೆ ಕುಣಿಗಲಿನ ಮಗ್ಗುಲಿನ ಸೋಲೂರಿನವರೆಗೆ ಇನ್ನೊಂದು ಕೊಳವೆ ಬಂದಿದೆ. ದಾಭೋಲಿನಿಂದ ಬೆಂಗಳೂರಿಗೆ ಬರುವ ನೈಸರ್ಗಿಕ ಅನಿಲದ ಕೊಳವೆ ನಮ್ಮ ಜಿಲ್ಲೆಯನ್ನೇ ಹಾದುಹೋಗುತ್ತದೆ. ಅನಿಲ ಸೋರಿದರೆ ಗಾಳಿಗೆ ಸೇರುತ್ತದೆ. ಅದರ ಭಯ ಬೆಂಕಿಯ ಭಯ, ಒಂದು ಗಳಿಗೆಯದು. ಎಣ್ಣೆ ಸೋರಿದರೆ ಕೆಳಕ್ಕೆ ಇಳಿಯುತ್ತದೆ. ಅದರ ಭಯಕ್ಕೆ ಗಳಿಗೆಯ ಲೆಕ್ಕ ಸಾಲದು.

ಒಂದು ವಿಚಿತ್ರವನ್ನು ಇಲ್ಲಿ ಗಮನಿಸಬೇಕು. ಹೇಮಾವತಿಯ ನೀರನ್ನು ಗುಬ್ಬಿಯ ಕಡೆಯಿಂದ ಕುಣಿಗಲಿನ ಕಡೆಗೆ ಕೊಳವೆಯಲ್ಲಿ ಒಯ್ಯುವ ಯೋಜನೆಯ ವಿಷಯದಲ್ಲಿ 2024 ಮತ್ತು 2025ರಲ್ಲಿ ನಮ್ಮ ಜಿಲ್ಲೆಯಲ್ಲಿ ಎಂಥ ಹೋರಾಟ ನಡೆಯಿತೆಂಬುದನ್ನು ಎಲ್ಲರೂ ಬಲ್ಲರು. ಅದರ ನ್ಯಾಯಾನ್ಯಾಯ ಇಲ್ಲಿ ಪ್ರಸ್ತುತವಲ್ಲ. ಗುಬ್ಬಿಯವರಿಗೂ ಕುಣಿಗಲಿನವರಿಗೂ ಅವರವರ ಬಾಯಾರಿಕೆಯುಂಟು. ಆದರೆ ಆ ಕೊಳವೆಯ ವ್ಯಾಸವೆಷ್ಟು, ಆಳವೆಷ್ಟು, ಯಾವ ಸರ್ವೆ ನಂಬರಿನಲ್ಲಿ ಹೋಗುತ್ತದೆ ಎಂಬುದನ್ನು ಹಳ್ಳಿಯ ಹುಡುಗರೂ ಬಾಯಿಪಾಠ ಒಪ್ಪಿಸಬಲ್ಲವರಾದರು. ನೀರಿನ ಕೊಳವೆಗೆ ಇಷ್ಟು ಎಚ್ಚರ ತೋರಿದ ನಾಡಿನಲ್ಲಿ ಎಣ್ಣೆಯ ಕೊಳವೆಯ ಬಗೆಗೆ ಒಂದು ಗ್ರಾಮಸಭೆಯಲ್ಲಾದರೂ ಅಷ್ಟು ಕುತೂಹಲದ ಪ್ರಶ್ನೆ ಎದ್ದುದನ್ನು ನಾನಂತೂ ಕೇಳಿಲ್ಲ.

ಇದಕ್ಕೆ ಕಾನೂನಿನ ಸ್ವರೂಪವೂ ಒಂದು ಕಾರಣವಿರಬಹುದು. ಎಣ್ಣೆಯ ಕೊಳವೆಗಾಗಿ ರೈತನ ಜಮೀನನ್ನು ಕೊಳ್ಳುವುದಿಲ್ಲ. 1962ರ ಪೆಟ್ರೋಲಿಯಂ ಕೊಳವೆಮಾರ್ಗ ಕಾಯಿದೆಯ ಮೇರೆಗೆ ನೆಲದ ಅಡಿಯನ್ನು ಬಳಸುವ ಹಕ್ಕನ್ನು ಮಾತ್ರ ಪಡೆಯುತ್ತಾರೆ. ಪಹಣಿಯಲ್ಲಿ ರೈತನ ಹೆಸರು ಹಾಗೆಯೇ ಇರುತ್ತದೆ. ಆ ಹಕ್ಕಿಗಾಗಿ ಅವನಿಗೆ ಸಲ್ಲುವುದು ನೆಲದ ಮಾರುಕಟ್ಟೆ ಬೆಲೆಯಲ್ಲಿ ನೂರಕ್ಕೆ ಹತ್ತು. ಅದೂ ಅಧಿಸೂಚನೆ ಹೊರಟ ದಿನದ ಬೆಲೆಯಲ್ಲಿ. ಕೊಳವೆ ಹಾದ ಪಟ್ಟಿಯಲ್ಲಿ ಅವನು ರಾಗಿ ಬಿತ್ತಬಹುದು, ಅವರೆ ಬಿತ್ತಬಹುದು. ಮನೆ ಕಟ್ಟಕೂಡದು, ಮರ ನೆಡಕೂಡದು, ಕೆರೆಕಟ್ಟೆ ಬಾವಿಗಳನ್ನು ತೋಡಕೂಡದು. ತೆಂಗು ಅಡಿಕೆಗಳ ನಾಡಿನಲ್ಲಿ ಮರ ನೆಡಕೂಡದೆಂಬುದರ ಬೆಲೆ ನೂರಕ್ಕೆ ಹತ್ತೇ ಎಂಬ ಪ್ರಶ್ನೆ ಬೇರೆ. ನನಗೆ ಹೆಚ್ಚು ಸೋಜಿಗವೆನಿಸುವುದು ಬಾವಿಯ ನಿಷೇಧ. ಕೊಳವೆಗೆ ಬಾವಿಯಿಂದ ಅಪಾಯವಾಗಬಾರದೆಂದು ಶಾಸನವು ಎಚ್ಚರ ವಹಿಸಿದೆ. ಬಾವಿಗೆ ಕೊಳವೆಯಿಂದ ಅಪಾಯವಾಗಬಹುದೆಂಬ ಕಡೆಗೆ ಅಷ್ಟೇ ಎಚ್ಚರ ಅಲ್ಲಿ ಕಾಣುವುದಿಲ್ಲ. ಪಟ್ಟಿಯ ಹೊರಗೆ ನಾಲ್ಕು ಮಾರು ದೂರದಲ್ಲಿ ಬಾವಿ ತೋಡಲು ಅಡ್ಡಿಯಿಲ್ಲ. ಎಣ್ಣೆಗೆ ಆ ನಾಲ್ಕು ಮಾರು ದಾಟಲೂ ಅಡ್ಡಿಯಿಲ್ಲ.

ಎಣ್ಣೆ ನೆಲದಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಹೇಳಲು ನಮ್ಮ ಭಾಷೆಯಲ್ಲಿ ಇರುವಷ್ಟು ಮಾತುಗಳು ಬೇರೆ ಭಾಷೆಗಳಲ್ಲಿ ಇವೆಯೋ ಇಲ್ಲವೋ. ಇಂಗುವುದು, ಬಸಿಯುವುದು, ಒಸರುವುದು, ಜಿನುಗುವುದು, ತೊಟ್ಟಿಕ್ಕುವುದು, ಸೋರುವುದು, ಊರುವುದು: ಒಂದೊಂದಕ್ಕೂ ಬೇರೆ ಬೇರೆ ಗತಿ, ಬೇರೆ ಬೇರೆ ದಿಕ್ಕು. ಮಳೆ ಕಡಮೆಯಾದ ನಾಡಿನವರು ನೀರಿನ ಒಂದೊಂದು ಹೆಜ್ಜೆಗೂ ಒಂದೊಂದು ಹೆಸರಿಟ್ಟರು. ಮಧುಗಿರಿ, ಪಾವಗಡಗಳ ಕಡೆ ತಲಪರಿಗೆಗಳೆಂಬ ಮೇಲ್ಮಟ್ಟದ ಒರತೆಗಳನ್ನು ಊರವರು ಕೂಡಿ ಕಾಪಾಡಿಕೊಂಡು ಬಂದದ್ದೂ ಇದೇ ತಿಳಿವಿನಿಂದ. ಎಂಜಿನಿಯರರ ವರದಿಯಲ್ಲಿ ಇವೆಲ್ಲ ಸೇರಿ 'ಸೋರಿಕೆ' ಎಂಬ ಒಂದೇ ಮಾತಾಗುತ್ತದೆ.

ಕೊಳವೆ ಸಾಮಾನ್ಯವಾಗಿ ಒಂದು ಮೀಟರು, ಅಥವಾ ತುಸು ಹೆಚ್ಚು, ಆಳದಲ್ಲಿರುತ್ತದೆ. ಅದರಲ್ಲಿ ದೊಡ್ಡ ಒಡಕು ಬಿದ್ದರೆ ಒತ್ತಡ ಕುಸಿದು ನಿಯಂತ್ರಣ ಕೊಠಡಿಯಲ್ಲಿ ತಕ್ಷಣ ತಿಳಿಯುತ್ತದೆ, ಹರಿವನ್ನು ನಿಲ್ಲಿಸುತ್ತಾರೆ. ಸೂಜಿಯ ಮೊನೆಯಷ್ಟು ತೂತಿನಿಂದ ಜಿನುಗುವುದು ಅಷ್ಟು ಬೇಗ ಯಂತ್ರಕ್ಕೆ ತಿಳಿಯದು. ನಿಮಿಷಕ್ಕೆ ಒಂದು ಲೀಟರಿನಂತೆ ಹೋದರೂ ದಿನಕ್ಕೆ 1,440 ಲೀಟರು. ವರ್ಷಕ್ಕೆ ಐದು ಲಕ್ಷ ಲೀಟರಿಗೂ ಮೇಲು. ತುಕ್ಕಿನಿಂದ ತೂತಾಗುವುದುಂಟು, ಕಳ್ಳರು ಕೊರೆದು ತೂತು ಮಾಡುವುದೂ ಉಂಟು. 2021ರಲ್ಲಿ ಬಂಟ್ವಾಳ ತಾಲ್ಲೂಕಿನಲ್ಲಿ ಮಂಗಳೂರು–ಹಾಸನದ ಕೊಳವೆಗೆ ಕನ್ನ ಹಾಕಿ ಎಣ್ಣೆ ಕದಿಯುತ್ತಿದ್ದುದನ್ನು ಪೊಲೀಸರು ಪತ್ತೆ ಹಚ್ಚಿದರು. ಇಂಥ ಸುದ್ದಿ ಬಂದಾಗ ಕದ್ದುದೆಷ್ಟು, ನಷ್ಟವೆಷ್ಟು ಎಂಬ ವಿವರ ಸಿಕ್ಕುತ್ತದೆ. ಕನ್ನದ ಸುತ್ತಣ ಮಣ್ಣಿಗೆ ಇಳಿದುದೆಷ್ಟು ಎಂದು ಕೇಳಿದವರು ಯಾರು?

ಮಣ್ಣಿಗೆ ಬಿದ್ದ ಎಣ್ಣೆ ಮೊದಲು ಇಂಗುತ್ತದೆ. ಮಣ್ಣಿನ ಕಣಗಳು ಹಿಡಿದಷ್ಟು ಹಿಡಿದು, ಉಳಿದುದು ಕೆಳಗೆ ಬಸಿಯುತ್ತದೆ. ನೀರಿನ ಮಟ್ಟವನ್ನು ಮುಟ್ಟಿದಾಗ, ನೀರಿಗಿಂತ ಹಗುರವಾದ್ದರಿಂದ, ಅದರ ಮೇಲೆ ತೇಲಿ ಪಕ್ಕಕ್ಕೆ ಹರಡುತ್ತದೆ. ಇಷ್ಟೇ ಆಗಿದ್ದರೆ ಕೆನೆ ತೆಗೆದ ಹಾಗೆ ತೆಗೆದುಬಿಡಬಹುದಾಗಿತ್ತು. ಆದರೆ ನಮ್ಮಲ್ಲಿ ನೀರಿನ ಮಟ್ಟ ನಿಂತಲ್ಲಿ ನಿಲ್ಲುವುದಿಲ್ಲ. ಹಿಂಗಾರು ಮುಗಿಯುವಾಗ ಮೇಲೇರಿದ್ದು ಬೇಸಿಗೆಯಲ್ಲಿ ಹಲವು ಅಡಿ ಕೆಳಗಿಳಿಯುತ್ತದೆ. ಅದರ ಜೊತೆಗೇ ತೇಲುವ ಎಣ್ಣೆಯೂ ಏರಿಳಿದು, ಗೋಡೆಗೆ ಸುಣ್ಣ ಬಳಿದಂತೆ, ಅಷ್ಟು ಎತ್ತರದ ಮಣ್ಣಿಗೂ ತನ್ನನ್ನು ಬಳಿಯುತ್ತ ಹೋಗುತ್ತದೆ. ಮರುವರ್ಷದ ಮಳೆಯ ನೀರು ಆ ಬಳಿದ ಪದರವನ್ನು ತೊಳೆದೇ ಕೆಳಗಿಳಿಯಬೇಕು.

ಇನ್ನು ಬಂಡೆಯ ಮಾತು. ನಮ್ಮ ಸೀಮೆಯ ಅಡಿಗಲ್ಲು ಪ್ರಾಚೀನವಾದ ನೈಸ್ ಶಿಲೆ, ಅಲ್ಲಲ್ಲಿ ಕಣಶಿಲೆ. ಮೇಲಿನ ಗೊರಚಿನಲ್ಲಿ ಸ್ವಲ್ಪ ನೀರು. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ನೀರು. ಮರಳಿನ ನೆಲದಲ್ಲಿ ಎಣ್ಣೆ ಎತ್ತ ಹೋದೀತೆಂದು ಲೆಕ್ಕ ಹಾಕಬಹುದು. ಬಿರುಕಿನ ನೆಲದಲ್ಲಿ ಲೆಕ್ಕ ಹಾಕುವುದು ಕಷ್ಟ. ಮಗ್ಗುಲ ಬಾವಿ ಚೆನ್ನಾಗಿದ್ದು ಎರಡು ಹೊಲದಾಚೆಯ ಬಾವಿ ಕೆಡಬಹುದು. ಅದರ ಮೇಲೆ ನಾವು ಸಾವಿರ ಅಡಿಯ ಕೊಳವೆಬಾವಿಗಳನ್ನು ಕೊರೆದು ಹಗಲಿರುಳು ಎಳೆಯುತ್ತಿದ್ದೇವೆ. ಪಂಪು ಎಳೆದ ಕಡೆಗೆ ನೀರು, ನೀರು ಹೋದ ಕಡೆಗೆ ಅದರಲ್ಲಿ ಕರಗಿದ ವಿಷ. ದೇವರಾಯನದುರ್ಗದ ಕಡೆ ಹುಟ್ಟುವ ಶಿಂಷೆ ಕಡಬದ ಕೆರೆಯನ್ನು ಹಾದು ಮಾರ್ಕೋನಹಳ್ಳಿಗೆ ಬರುವ ದಾರಿ ಎಲ್ಲರಿಗೂ ತಿಳಿದಿದೆ; ನೆಲದಡಿಯ ಶಿಂಷೆಗಳಿಗೆ ನಕ್ಷೆಯಿಲ್ಲ.

ಕರಗಿದ ವಿಷವೆಂದೆ. ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ದ್ರವ್ಯವಿದೆ; ರಕ್ತದ ಅರ್ಬುದಕ್ಕೆ ಕಾರಣವೆಂದು ಸಿದ್ಧವಾದದ್ದು. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಜಾರಿಯಲ್ಲಿರುವ ಮಾನಕದಂತೆ ಪೆಟ್ರೋಲಿನಲ್ಲಿ ಅದು ನೂರಕ್ಕೆ ಒಂದು ಪಾಲನ್ನು ಮೀರಕೂಡದು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಮನ್ನು ಮೀರಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಈಗ ಪ್ರಾಥಮಿಕ ಶಾಲೆಯ ಲೆಕ್ಕ ಮಾಡೋಣ. ಒಂದು ಲೀಟರು ಪೆಟ್ರೋಲಿನಲ್ಲಿ ಹೆಚ್ಚೆಂದರೆ ಹತ್ತು ಮಿಲಿಲೀಟರು, ತೂಕದಲ್ಲಿ ಸುಮಾರು 8.8 ಗ್ರಾಂ ಬೆಂಜೀನ್. ಅಷ್ಟೂ ನೀರಿಗೆ ಸೇರಿತೆಂದರೆ, 8 ಲಕ್ಷ 80 ಸಾವಿರ ಲೀಟರು ನೀರನ್ನು ಆ ಮೇರೆಗೆ ತಂದು ನಿಲ್ಲಿಸಲು ಅದೊಂದೇ ಲೀಟರು ಸಾಕು. ವಾಸ್ತವದಲ್ಲಿ ಒಂದಿಷ್ಟು ಆವಿಯಾಗುತ್ತದೆ, ಒಂದಿಷ್ಟನ್ನು ಮಣ್ಣಿನ ಜೀವಿಗಳು ತಿನ್ನುತ್ತವೆ, ನಿಜ. ಆದರೂ ಲೆಕ್ಕದ ಗಾತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಇದು ಬರಿಯ ಊಹೆಯ ಮಾತೆನ್ನುವವರು ಚೆನ್ನೈಯ ಉತ್ತರ ಭಾಗದ ತಂಡಯಾರ್‌ಪೇಟೆಯ ಕಥೆಯನ್ನು ನೋಡಬೇಕು. ಅಲ್ಲಿನ ನಿವಾಸಿಗಳ ಕೊಳವೆಬಾವಿಗಳಲ್ಲಿ 2013ರಲ್ಲಿ ನೀರಿನೊಡನೆ ಎಣ್ಣೆ ಬರತೊಡಗಿತು. ಭಾರತ್ ಪೆಟ್ರೋಲಿಯಂ ಸಂಸ್ಥೆಗೆ ಸೇರಿದ, ಬೀದಿಗಳ ಅಡಿಯಲ್ಲಿ ಹಾದ ಕೊಳವೆ ಸೋರುತ್ತಿತ್ತು. ನೆಲದಡಿಯ ಕೇಡನ್ನು ಸಾರಿದ್ದು ಮನೆಯ ನಲ್ಲಿ, ಕೊಡ, ಬಕೆಟ್ಟುಗಳು. ಸೋರುವ ಜಾಗವನ್ನು ಹುಡುಕಿ ಮುಚ್ಚಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠದ ಮುಂದೆ ಬಂತು. ನೆಲದಡಿಯ ಎಣ್ಣೆಯನ್ನು ಮೇಲೆತ್ತುವ, ಮಣ್ಣನ್ನೂ ನೀರನ್ನೂ ಶುದ್ಧಿ ಮಾಡುವ ಕೆಲಸ ಆರಂಭವಾಯಿತು. ತೂತು ಮುಚ್ಚಿದ ಮೇಲೂ ನೀರು ಕೆಟ್ಟೇ ಇತ್ತು. ಶುದ್ಧಿಯ ಕೆಲಸ ವರ್ಷಗಳ ಕೆಲಸವಾಯಿತು. ಒಂದು ಮಹಾನಗರದ ನಡುವೆ, ಪತ್ರಿಕೆಗಳ, ನ್ಯಾಯಾಲಯಗಳ, ಎಂಜಿನಿಯರಿಂಗ್ ವಿದ್ಯಾಲಯಗಳ ನೆರೆಯಲ್ಲಿ ನಡೆದ ಪ್ರಕರಣ ಇದು. ಗುಬ್ಬಿಯ ಒಂದು ಮಜರೆ ಹಳ್ಳಿಯಲ್ಲಿ ನಡೆದರೆ ಬಕೆಟ್ಟಿನ ಸಾಕ್ಷಿಯನ್ನು ಯಾರು ನಂಬಿಯಾರು?

ಹಾಗಾದರೆ ಕೆಟ್ಟ ನೆಲವನ್ನು ಸರಿಪಡಿಸಲು ಸಾಧ್ಯವೆ? ಸಾಧ್ಯ. ಪೂರ್ಣವಾಗಿ ಎಂದು ಯಾರಾದರೂ ಹೇಳಿದರೆ ಅವರನ್ನು ಸಂಶಯದಿಂದ ನೋಡಬೇಕು. ಎಣ್ಣೆ ಹೀರಿದ ಮೇಲ್ಮಣ್ಣನ್ನು ಅಗೆದು ತೆಗೆಯುವುದು ಮೊದಲ ಉಪಾಯ. ಬೇಗ ಆಗುತ್ತದೆ, ಛಾಯಾಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಅಗೆದ ಮಣ್ಣು ಎಲ್ಲಿಗೆ ಹೋಯಿತೆಂದು ವಿಚಾರಿಸದಿದ್ದರೆ ಒಂದೂರಿನ ಕೇಡು ಇನ್ನೊಂದೂರಿನ ಹಳ್ಳಕ್ಕೆ ಬಿದ್ದಿರುತ್ತದೆ. ಬಾವಿ ತೋಡಿ, ನೀರಿನ ಮೇಲೆ ತೇಲುವ ಎಣ್ಣೆಯನ್ನು ಮಾತ್ರ ಹೀರಿ ತೆಗೆಯುವುದು ಎರಡನೆಯದು. ತಡಮಾಡದೆ ಮಾಡಿದರೆ ಇದಕ್ಕೆ ಸಮನಾದುದಿಲ್ಲ. ಪೆಟ್ರೋಲಿನಂತೆ ಬೇಗ ಆವಿಯಾಗುವುದನ್ನು ನೆಲದೊಳಗಿನ ಗಾಳಿಯೊಡನೆ ಎಳೆದು ತೆಗೆಯುವ ಕ್ರಮವೂ, ಕೆಟ್ಟ ನೀರನ್ನೇ ಎತ್ತಿ ಇದ್ದಲಿನ ಪದರದಲ್ಲಿ ಹಾಯಿಸಿ ಶೋಧಿಸುವ ಕ್ರಮವೂ ಇವೆ. ನೀರನ್ನು ಎತ್ತಿ ಶೋಧಿಸುವುದು ಕೊನೆಯಿಲ್ಲದ ಕೆಲಸ. ನಿಲ್ಲಿಸಿದ ಆರು ತಿಂಗಳಿಗೆ, ಬಂಡೆಯ ಬಿರುಕಿನಲ್ಲಿ ಉಳಿದುದು ಮತ್ತೆ ಒಸರಿ, ಎಲ್ಲವೂ ಮೊದಲಿನಂತಾಗಬಹುದು.

ಇವೆಲ್ಲಕ್ಕಿಂತ ಆಶ್ಚರ್ಯದ ಸಂಗತಿ, ಎಣ್ಣೆಯನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಸಾಮಾನ್ಯ ಮಣ್ಣಿನಲ್ಲಿಯೇ ಇವೆ ಎಂಬುದು. ಅವಕ್ಕೆ ಬೇಕಾದುದು ಗಾಳಿ, ತೇವ, ಒಂದಿಷ್ಟು ಸಾರಜನಕ, ರಂಜಕ. ನಮ್ಮ ರೈತ ತಿಪ್ಪೆಯನ್ನು ಕೆದಕಿ, ನೀರು ಚಿಮುಕಿಸಿ, ಗೊಬ್ಬರ ಮಾಗಿಸುವಾಗ ಮಾಡುವುದೂ ಹೆಚ್ಚುಕಡಮೆ ಇದನ್ನೇ. ಭಾರತದಲ್ಲಿ ಟೆರಿ ಸಂಸ್ಥೆಯವರು ಇಂಥ ಹಲವು ಜೀವಿಗಳನ್ನು ಕೂಡಿಸಿ, ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ನೆಲೆಗೊಳಿಸಿ, ಎಣ್ಣೆಯ ಕೆಸರನ್ನು ಶುದ್ಧಿ ಮಾಡಲು ಬಳಕೆಗೆ ತಂದಿದ್ದಾರೆ. ಎಣ್ಣೆ ತಿನ್ನುವ ಜೀವಿಯೊಂದನ್ನು ಪ್ರಯೋಗಾಲಯದಲ್ಲಿ ರೂಪಿಸಿ, ಅದಕ್ಕೆ ಹಕ್ಕುಪತ್ರ ಕೇಳಿ, 1980ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದವರು ಬಂಗಾಳದಿಂದ ಹೋದ ಆನಂದ ಚಕ್ರವರ್ತಿ. ಇದು ಹೆಮ್ಮೆಯ ವಿಷಯವೇ. ಆದರೆ ಪುಡಿ ಎರಚಿದೊಡನೆ ನೆಲ ಶುದ್ಧವಾಗುವುದೆಂಬ ಭ್ರಮೆ ಬೇಡ. ಅಂಗೈ ಆಳದ ಮಣ್ಣಿನಲ್ಲಿ ಕೆಲಸ ಮಾಡುವ ಜೀವಿಗೆ ಅರವತ್ತು ಅಡಿ ಕೆಳಗಿನ ಬಿರುಕಿನಲ್ಲಿ ಗಾಳಿ ಊದುವವರಿಲ್ಲ.

ಗಾಳಿಯಿಲ್ಲದ ಆಳದಲ್ಲಿ ಏನಾಗುತ್ತದೆಂಬುದನ್ನು ಬಹುಕಾಲ ಕಾದು ನೋಡಿದ ಜಾಗವೊಂದುಂಟು. ಅಮೆರಿಕದ ಮಿನಿಸೋಟ ಸಂಸ್ಥಾನದ ಬೆಮಿಜಿ ಎಂಬ ಊರಿನ ಬಳಿ 1979ರ ಆಗಸ್ಟ್ 20ರಂದು ಕಚ್ಚಾ ಎಣ್ಣೆಯ ಕೊಳವೆ ಒಡೆದು ಸುಮಾರು 17 ಲಕ್ಷ ಲೀಟರು ಹೊರಚೆಲ್ಲಿತು. ಪಂಪು ಹಾಕಿದರು, ಮಣ್ಣು ಅಗೆದರು, ಸುಟ್ಟರು. ಎಷ್ಟು ಮಾಡಿದರೂ ಸುಮಾರು 4 ಲಕ್ಷ ಲೀಟರು ನೆಲದಲ್ಲಿ ಉಳಿಯಿತು. 1983ರಿಂದ ಅಲ್ಲಿನ ಭೂವಿಜ್ಞಾನಿಗಳು ಆ ನೆಲವನ್ನು ಒಂದು ಪಾಠಶಾಲೆಯಂತೆ ಇಟ್ಟುಕೊಂಡು, ಬಾವಿಗಳನ್ನು ತೋಡಿ, ವರ್ಷವರ್ಷವೂ ಅಳೆದು ಬರೆದಿಟ್ಟಿದ್ದಾರೆ. ಅವರು ಕಂಡುದು ಎರಡು ಸಂಗತಿ. ಗಾಳಿಯಿಲ್ಲದ ಕಡೆ ಜೀವಿಗಳು ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕನ್ನೇ ಗಾಳಿಯ ಬದಲಿಗೆ ಬಳಸಿಕೊಂಡು ಎಣ್ಣೆಯನ್ನು ಅರಗಿಸುತ್ತವೆ. ಆದ್ದರಿಂದ ವಿಷದ ಹರವು ಹೆದರಿದಷ್ಟು ದೂರ ಹೋಗಲಿಲ್ಲ. ಇದು ಮೊದಲನೆಯದು. ಹಾಗೆ ಕಬ್ಬಿಣ ಕರಗುವಾಗ ಅದಕ್ಕೆ ಅಂಟಿಕೊಂಡಿದ್ದ ಆರ್ಸೆನಿಕ್ ಕೂಡ ನೀರಿಗೆ ಬಿಡುಗಡೆಯಾಗುತ್ತದೆ. ಇದು ಎರಡನೆಯದು.

ನಮ್ಮ ಕೆಂಪು ನೆಲದಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಹಾಗೆಂದು ಬೆಮಿಜಿಯ ಮೊದಲ ಸಂಗತಿಯನ್ನು ಹಿಡಿದು, 'ಪ್ರಕೃತಿಯೇ ಶುದ್ಧಿ ಮಾಡಿಕೊಳ್ಳುತ್ತದೆ, ನಾವು ಸುಮ್ಮನಿದ್ದರಾಯಿತು' ಎಂದು ವಾದಿಸುವವರು ಬಂದಾರು. ಬಂದೇ ಬರುತ್ತಾರೆ, ಏಕೆಂದರೆ ಅದು ಎಲ್ಲಕ್ಕಿಂತ ಅಗ್ಗವಾದ ವಾದ. ಅವರಿಗೆ ಉತ್ತರವಾಗಿ ಬೆಮಿಜಿಯ ನೆಲ ಮರಳಿನದು, ನಮ್ಮದು ಬಂಡೆಯದು ಎನ್ನಬೇಕು. ಅಲ್ಲಿ ನಾಲ್ಕು ದಶಕ ಅಳೆದು ನೋಡಿದ ಮೇಲೆ ಆಡಿದ ಮಾತನ್ನು ಇಲ್ಲಿ ಒಂದು ದಿನವೂ ಅಳೆಯದೆ ಆಡಕೂಡದು ಎನ್ನಬೇಕು. ಪ್ರಕೃತಿಗೆ ಬಿಡುವುದೆಂದರೆ ಬಾವಿಗಳಲ್ಲಿ ಅಳತೆ ಇಡುವುದು. ಕಣ್ಣು ಮುಚ್ಚಿಕೊಳ್ಳುವುದಕ್ಕೆ ಬೇರೆ ಹೆಸರಿದೆ.

ಕೊಳವೆಯೇ ಬೇಡವೆಂಬುದು ನನ್ನ ಅಭಿಪ್ರಾಯವಲ್ಲವೆಂದು ಇಲ್ಲಿ ಸ್ಪಷ್ಟಪಡಿಸಬೇಕು. ಸಾವಿರಾರು ಟ್ಯಾಂಕರುಗಳು ಶಿರಾಡಿಯ ತಿರುವುಗಳಲ್ಲಿ ಇಳಿದು ಹತ್ತುವುದಕ್ಕಿಂತ ಕೊಳವೆ ಸುರಕ್ಷಿತವಾದುದು, ಅಗ್ಗವಾದುದು. ಹೆದ್ದಾರಿಯಲ್ಲಿ ಟ್ಯಾಂಕರು ಉರುಳಿದಾಗ ಕೊಡ ಹಿಡಿದು ಓಡುವ ಜನರನ್ನು ನೋಡಿದವರು ಇದನ್ನು ಅಲ್ಲಗಳೆಯಲಾರರು. ಅಂಥ ಕಡೆಗಳಲ್ಲಿ ಚರಂಡಿಗೆ ಹರಿದ ಎಣ್ಣೆಯನ್ನು ಅಗ್ನಿಶಾಮಕದವರು ನೀರು ಹಾಕಿ 'ತೊಳೆದು' ಬಿಡುತ್ತಾರೆ. ರಸ್ತೆ ಶುದ್ಧವಾಗುತ್ತದೆ. ಪಕ್ಕದ ಹೊಲ?

ಕಾನೂನು ಈಗ ಬರಿಗೈಯಲ್ಲಿಲ್ಲ. 2010ರ ಹಸಿರು ನ್ಯಾಯಮಂಡಳಿ ಕಾಯಿದೆಯ 15ನೆಯ ಪ್ರಕರಣವು ಮೂರನ್ನು ಬೇರೆ ಬೇರೆಯಾಗಿ ಹೇಳುತ್ತದೆ: ನೊಂದವರಿಗೆ ನೆರವು ಮತ್ತು ಹಣ, ಕೆಟ್ಟ ಆಸ್ತಿಯನ್ನು ಮೊದಲಿನಂತೆ ಮಾಡುವುದು, ಕೆಟ್ಟ ಪರಿಸರವನ್ನು ಮೊದಲಿನಂತೆ ಮಾಡುವುದು. ನಾವು ಕನ್ನಡದಲ್ಲಿ ಒಂದೇ 'ಪರಿಹಾರ'ದಲ್ಲಿ ಮುಳುಗಿಸಿದ್ದನ್ನು ಶಾಸನವು ಬಿಡಿಸಿ ಇಟ್ಟಿದೆ. ಕೇಳುವವರು ಮೂರನ್ನೂ ಕೇಳಬೇಕು. ಆದರೆ ಹಣ, ನೆರವುಗಳಿಗಾಗಿ ಅರ್ಜಿ ಹಾಕಲು ಕಾರಣ ಮೊದಲು ಉಂಟಾದ ದಿನದಿಂದ ಐದು ವರ್ಷದ ಗಡುವು ಇದೆ. ಬಿರುಕಿನಲ್ಲಿ ತೆವಳುವ ಎಣ್ಣೆ ಆರನೆಯ ವರ್ಷದಲ್ಲಿ ಬಾವಿಗೆ ಬಂದರೆ, ಕಾರಣ ಎಂದು ಹುಟ್ಟಿತೆಂಬುದೇ ಒಂದು ವ್ಯಾಜ್ಯವಾದೀತು. ವಕೀಲರು ಇದನ್ನು ಹೇಗೆ ಬಿಡಿಸುವರೋ ತಿಳಿಯದು. ಶಾಸನ ಬರೆದವರಿಗೆ ನೆಲದಡಿಯ ಕಾಲಗಣನೆ ಪರಿಚಯವಿರಲಿಲ್ಲವೆಂದು ಮಾತ್ರ ನನಗೆ ತೋರುತ್ತದೆ.

2025ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಕಲುಷಿತ ನಿವೇಶನಗಳ ನಿರ್ವಹಣೆಗೆಂದು ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಕೆಟ್ಟಿರಬಹುದೆಂಬ ಸಂಶಯವುಳ್ಳ ಜಾಗಗಳನ್ನು ಗುರುತಿಸಿ ವರದಿ ಮಾಡುವ ಹೊಣೆ ಅದರಲ್ಲಿ ಜಿಲ್ಲೆಯ ಆಡಳಿತದ ಮೇಲೆ, ಸ್ಥಳೀಯ ಸಂಸ್ಥೆಗಳ ಮೇಲೆ ಬಂದಿದೆ. ಅದನ್ನು ಪರೀಕ್ಷಿಸುವ ಹೊಣೆ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಶುದ್ಧಿಯ ವೆಚ್ಚ ಕೆಡಿಸಿದವನಿಗೆ. ಒಳ್ಳೆಯದೇ. ಆದರೆ ಸಂಶಯ ಹುಟ್ಟಬೇಕಾದದ್ದು ಎಲ್ಲಿ? ಪಂಚಾಯಿತಿಯ ಕಚೇರಿಯಲ್ಲಿ ಹುಟ್ಟಲಾರದು. ಬಾವಿಯ ಬಳಿ ಹುಟ್ಟಬೇಕು. ಅದು ಹುಟ್ಟಿದರೆ ಹೇಳುವುದಕ್ಕೆ ಮಾತು ಬೇಕು; ಮೊದಲು ಹೇಗಿತ್ತೆಂದು ತೋರಿಸುವುದಕ್ಕೆ ಒಂದು ಅಳತೆ ಬೇಕು.

ಮೊದಲೇ ಹೇಳುವೆನೆಂದ ಇನ್ನೊಂದು ಉತ್ತರ ಇದು. ಕೊಳವೆಯ ಅಪಾಯ ನಿರ್ವಹಣೆಯ ಯೋಜನೆಗಳು, ನೀರಿನ ಪರೀಕ್ಷೆಯ ಫಲಿತಾಂಶಗಳು, ಶುದ್ಧಿಯ ವರದಿಗಳು ಬಹುಪಾಲು ಇಂಗ್ಲಿಷಿನಲ್ಲಿಯೇ ಇರುತ್ತವೆ. ಹೊಲದ ಅಂಚಿನಲ್ಲಿ ನೆಟ್ಟ ಎಚ್ಚರಿಕೆಯ ಕಲ್ಲಿನ ಮೇಲೆ ಮಾತ್ರ ಅಗೆಯಬಾರದೆಂದು ಕನ್ನಡದಲ್ಲಿ ಇದ್ದರೆ ಇರುತ್ತದೆ. ಅಗೆಯಬೇಡವೆಂಬ ಆಜ್ಞೆ ಕನ್ನಡದಲ್ಲಿ, ಕೆಳಗಿನ ಸ್ಥಿತಿಗತಿ ಇಂಗ್ಲಿಷಿನಲ್ಲಿ. ಇಂಗುವುದಕ್ಕೂ ಒಸರುವುದಕ್ಕೂ ಭೇದ ಬಲ್ಲ ರೈತನಿಗೆ ಈ ವರದಿಗಳು ಕನ್ನಡದಲ್ಲಿ ಸಿಕ್ಕಿದರೆ ಅವನು ಅವುಗಳಲ್ಲಿನ ತಪ್ಪನ್ನೂ ತಿದ್ದಿಯಾನು. ಗುಬ್ಬಿ, ಕುಣಿಗಲು, ತುಮಕೂರುಗಳ ಕಾಲೇಜುಗಳಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಒಂದೇ ಮೊಗಸಾಲೆಯಲ್ಲಿ ಓಡಾಡುತ್ತೇವೆ. ಕೊಳವೆಯ, ಹೆದ್ದಾರಿಯ, ಪೆಟ್ರೋಲು ಬಂಕುಗಳ ಹತ್ತಿರದ ಬಾವಿಗಳ ನೀರನ್ನು ಈಗಲೇ, ಕೆಡುವುದಕ್ಕೆ ಮುಂಚೆಯೇ, ಒಮ್ಮೆ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸುವುದು ಇಬ್ಬರೂ ಸೇರಿದರೆ ಆಗದ ಕೆಲಸವಲ್ಲ. ಪರೀಕ್ಷೆಯ ವೆಚ್ಚವನ್ನು ಕೊಳವೆಯ ಒಡೆಯರು ಕೊಡತಕ್ಕದ್ದು. ಅವರು ನಿರ್ದೋಷಿಗಳಾಗಿದ್ದರೆ ನಾಳೆ ಅದನ್ನು ತೋರಿಸಲು ಅವರಿಗೂ ಇದೇ ಕಾಗದ ಬೇಕಾಗುತ್ತದೆ.

ವಿದ್ಯಾರ್ಥಿಗಳಿಗೆ ಉಪಯೋಗವಾಗಬಹುದಾದ ಎರಡು ಮಾತು. ಕೆರೆಯ ಕೋಡಿಯಲ್ಲಿ, ಗದ್ದೆಯ ಬದುವಿನಲ್ಲಿ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಎಲ್ಲವೂ ಎಣ್ಣೆಯಲ್ಲ. ಕಬ್ಬಿಣದ ನೀರಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳೂ ಅಂಥ ಪೊರೆ ಕಟ್ಟುತ್ತವೆ. ಕಡ್ಡಿಯಿಂದ ಕಲಕಿದರೆ ಅದು ಒಡೆದ ಗಾಜಿನಂತೆ ಚೂರುಚೂರಾಗಿ ನಿಲ್ಲುತ್ತದೆ. ಎಣ್ಣೆಯದಾದರೆ ಸುತ್ತಿಕೊಂಡು ಮತ್ತೆ ಒಂದಾಗುತ್ತದೆ. ಇನ್ನು, ಪರೀಕ್ಷೆಗೆ ಒಯ್ಯುವ ನೀರನ್ನು ಪ್ಲಾಸ್ಟಿಕ್ ಸೀಸೆಯಲ್ಲಿ ಅರ್ಧ ತುಂಬಿ ಒಯ್ದರೆ ಬೆಂಜೀನ್ ದಾರಿಯಲ್ಲಿಯೇ ಹಾರಿಹೋಗಿ ನೀರು ನಿರ್ಮಲವೆಂದು ಸರ್ಟಿಫಿಕೇಟು ಬರುತ್ತದೆ. ಗಾಜಿನ ಸೀಸೆಯಲ್ಲಿ, ಗಾಳಿಯ ಗುಳ್ಳೆಗೆ ಎಡೆಯಿಲ್ಲದಂತೆ ಅಂಚಿನವರೆಗೆ ತುಂಬಿ, ಬಿರಡೆ ಬಿಗಿದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ತಡಮಾಡದೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಸೀಸೆಯ ಮೇಲೆ ಬಾವಿಯ ಹೆಸರು, ಆಳ, ತಾರೀಖುಗಳನ್ನು ಬರೆಯಬೇಕು. ಹೊಲದ ಒಡೆಯನ ಎದುರಿನಲ್ಲಿ ಬರೆಯಬೇಕು.